ಹೊಸಿಲಿನಾಚೆಯ ನಾಯಿ: ತೆಂಗಿನ ಸೀಮೆಯಲ್ಲಿ ಒಂದು ಶಿಸ್ತಿನ ಚರಿತ್ರೆ

ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯ ಮನೆಗಳಲ್ಲಿ ನಾಯಿಗೆ ಎಲ್ಲಿ ಉಚ್ಚೆ ಹೊಯ್ಯಬೇಕು, ಯಾವಾಗ ಹೊಯ್ಯಬೇಕು ಎಂದು ಕಲಿಸುವ ರೂಢಿ ಇತ್ತೀಚಿನದು. ಹಿಂದೆ ನಾಯಿ ಸಾಕುವವರು ಇರಲಿಲ್ಲವೆಂದಲ್ಲ, ತೋಟವಿದ್ದ ಕಡೆ ನಾಯಿ ಇದ್ದೇ ಇರುತ್ತಿತ್ತು. ಆದರೆ ಅದಕ್ಕೆ ಹೇಳಿಕೊಡುತ್ತಿದ್ದ ಪಾಠ ಒಂದೇ: ಹೊಸಿಲು ದಾಟಬಾರದು. ಹೊಸಿಲಿನಾಚೆಯ ಅಂಗಳ, ಹಿತ್ತಿಲು, ತಿಪ್ಪೆ, ತೋಟ ಎಲ್ಲವೂ ಅದರದೇ. ಎಲ್ಲಿ ಕಾಲೆತ್ತಿತು, ಎಷ್ಟು ಹೊತ್ತಿಗೆ ಎತ್ತಿತು ಎಂದು ಯಾರೂ ಕೇಳುತ್ತಿರಲಿಲ್ಲ. ಹಳೆಯ ಮನೆಯ ಕಟ್ಟೋಣವೇ ಈ ಪ್ರಶ್ನೆ ಏಳದಂತೆ ನೋಡಿಕೊಂಡಿತ್ತು. ಮನೆ ಬದಲಾದ ಮೇಲೆ ಆ ಹೊಣೆ ಮನೆಯವರ ಮೇಲೆ ಬಿತ್ತು. ಆದ್ದರಿಂದ ಇದು ನಾಯಿಯ ಚರಿತ್ರೆಯಾಗಿರುವಷ್ಟೇ ನೆಲ, ಅಟ್ಟ, ಕಣ, ಕಾಂಪೌಂಡುಗಳ ಚರಿತ್ರೆಯೂ ಹೌದು.

ಹಳೆಯ ಹೆಂಚಿನ ಮನೆಗೆ ಮುಂದೆ ಜಗಲಿ, ಬಾಗಿಲು ದಾಟಿದರೆ ಪಡಸಾಲೆ, ಒಂದು ಮಗ್ಗುಲಿಗೆ ಕೊಟ್ಟಿಗೆ, ಒಳಗೆ ನಡುಮನೆ, ಅಡುಗೆಮನೆ, ದೇವರಮನೆ, ಹಿಂದೆ ಬಚ್ಚಲು, ಹಿತ್ತಿಲು. ಎಷ್ಟೋ ಮನೆಗಳಲ್ಲಿ ದನಗಳೂ ಮನುಷ್ಯರೂ ಒಂದೇ ಬಾಗಿಲಲ್ಲಿ ಓಡಾಡುತ್ತಿದ್ದರು. ದನದ ಗಂಜಲ ಕೊಟ್ಟಿಗೆಯ ಚಪ್ಪಡಿಯ ಮೇಲೆ ಹರಿದು ಗುಂಡಿ ಸೇರಿ ಗೊಬ್ಬರವಾಗುತ್ತಿತ್ತು, ಸೂತಕ ಕಳೆಯುವಾಗ ಮನೆಯೊಳಗೆಲ್ಲ ಚಿಮುಕಿಸುವುದಕ್ಕೂ ಅದೇ ಬೇಕಾಗಿತ್ತು. ನಾಯಿಯ ಉಚ್ಚೆಗೆ ಮಾತ್ರ ಮನೆಯೊಳಗೆ ಯಾವ ಸ್ಥಾನವೂ ಇರಲಿಲ್ಲ. ಇದಕ್ಕೆ ಮಡಿ ಮೈಲಿಗೆಯ ಎಣಿಕೆ ಒಂದು ಕಾರಣವಾದರೆ ನೆಲ ಇನ್ನೊಂದು ಕಾರಣ. ಸಗಣಿ ಸಾರಿಸಿದ ಮಣ್ಣಿನ ನೆಲ ಉಚ್ಚೆಯನ್ನು ಹೀರಿಕೊಂಡುಬಿಡುತ್ತದೆ, ತೊಳೆಯಲು ಬರುವುದಿಲ್ಲ. ಒದ್ದೆಯಾದ ಮಣ್ಣನ್ನು ಕೆತ್ತಿ ತೆಗೆದು, ಹೊಸ ಮಣ್ಣು ತುಂಬಿ, ಬಡಿದು ಗಟ್ಟಿಮಾಡಿ, ಮತ್ತೆ ಸಾರಿಸಬೇಕು. ಅಷ್ಟೆಲ್ಲ ಮಾಡುವುದಕ್ಕಿಂತ ನಾಯಿಯನ್ನು ಹೊರಗಿಡುವುದೇ ಸುಲಭ. ಜಗಲಿಯ ಕೆಳಗೆ ಅದಕ್ಕೊಂದು ಮಲಗುವ ಜಾಗ, ಹಿತ್ತಿಲ ಮೂಲೆಯಲ್ಲಿ ಮುದ್ದೆಯ ಚೂರು, ಉಳಿದ ಸಾರು ಹಾಕುವ ಕಲ್ಲು ಅಥವಾ ಒಡೆದ ಮಡಕೆಯ ಓಡು. ಒಳಗೆ ಮೂತಿ ತೂರಿಸಿದರೆ ‘ಹಚಾ’ ಎಂಬ ಗದರಿಕೆ. ಮರಿಯಾಗಿದ್ದಾಗ ಇದನ್ನು ನಾಲ್ಕು ದಿನ ಕೇಳಿದ ನಾಯಿ ಮುಪ್ಪಾಗುವವರೆಗೂ ಹೊಸಿಲಿಗೆ ಗಲ್ಲ ಊರಿ ಮಲಗುತ್ತಿತ್ತೇ ಹೊರತು ಒಳಗೆ ಹೆಜ್ಜೆ ಇಡುತ್ತಿರಲಿಲ್ಲ.

ಕನ್ನಡ ನಾಡಿನ ಹಳೆಯ ದಾಖಲೆಗಳಲ್ಲಿ ನಾಯಿಗೆ ದೊಡ್ಡ ಗೌರವವಿದೆ, ಆದರೆ ಆ ಗೌರವವೆಲ್ಲ ಬಯಲಿನಲ್ಲಿ ಸಂದದ್ದು. ಮದ್ದೂರು ತಾಲೂಕಿನ ಆತಕೂರಿನ ಶಾಸನ ಕ್ರಿ.ಶ. 949–50ರದು. ಚೋಳ ರಾಜಾದಿತ್ಯ ಮಡಿದ ತಕ್ಕೋಲದ ಯುದ್ಧದಲ್ಲಿ ಗಂಗ ದೊರೆ ಇಮ್ಮಡಿ ಬೂತುಗನ ಪರವಾಗಿ ಹೋರಾಡಿದ ಮಣಲೆರ, ಮೆಚ್ಚುಗೆಯಾಗಿ ಕೇಳಿ ಪಡೆದದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ಕಾಡುಹಂದಿಯೊಂದರ ಮೇಲೆ ಬಿದ್ದು, ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಕಲ್ಲಿನ ಪೂಜೆಗೆಂದು ಭೂಮಿಯನ್ನೂ ಬಿಟ್ಟರು. ನಾಯಿ, ಹಂದಿ ಕಾದಾಡುವ ಚಿತ್ರ ಕೆತ್ತಿರುವ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಬರೆದ ‘ಮಾನಸೋಲ್ಲಾಸ’ದಲ್ಲಿ ನಾಯಿಗಳಿಗೇ ಮೀಸಲಾದ ‘ಸಾರಮೇಯ ವಿನೋದ’ ಎಂಬ ಭಾಗವಿದೆ. ಅಲ್ಲಿಯೂ ವಿಷಯ ಬೇಟೆಯೇ.

ದೇವರ ಜೊತೆಗೂ ನಾಯಿಗೆ ನಂಟಿದೆ. ಕಾಲಭೈರವನ ವಾಹನ ನಾಯಿ. ತುರುವೇಕೆರೆಯಿಂದ ಬಹಳ ದೂರವಿಲ್ಲದ ಆದಿಚುಂಚನಗಿರಿಯಲ್ಲಿ ಆ ಭೈರವನೇ ಕ್ಷೇತ್ರದ ಒಡೆಯ. ಮೈಲಾರಲಿಂಗನ ಒಕ್ಕಲಿನ ಗೊರವರು ದೋಣಿ ಸೇವೆಯಲ್ಲಿ ನಾಯಿಗಳಂತೆ ಬೊಗಳುತ್ತಾ ಮರದ ದೋಣಿಯಲ್ಲಿಟ್ಟ ಎಡೆಗೆ ಬಾಯಿ ಹಾಕುತ್ತಾರೆ. ಆ ಹೊತ್ತಿಗೆ ಗೊರವಯ್ಯ ನಾಯಿಯಾಗಿಯೇ ದೇವರ ಮುಂದೆ ಕೂರಬಲ್ಲ. ನಿಜವಾದ ನಾಯಿಗೆ ಮಾತ್ರ ದೇವರಮನೆಯ ಮಾತಿರಲಿ, ಪಡಸಾಲೆಯೂ ಇಲ್ಲ. ಪೂಜೆಗೆ ಸಲ್ಲುವ ಪ್ರಾಣಿಯನ್ನೇ ಹೊಸಿಲಿನಲ್ಲಿ ತಡೆಯುವುದರಲ್ಲಿ ಆ ಜನರಿಗೆ ಯಾವ ವಿರೋಧವೂ ಕಾಣಲಿಲ್ಲ. ಪ್ರತಿಯೊಂದಕ್ಕೂ ಒಂದು ಜಾಗವಿದೆ, ಅದು ಆ ಜಾಗದಲ್ಲಿರಬೇಕು ಎಂಬುದು ಅವರ ಲೆಕ್ಕ.

ತೆಂಗಿನ ಸೀಮೆಯಲ್ಲಿ ಈ ಜಾಗದ ಲೆಕ್ಕ ಇನ್ನೂ ಬಿಗಿಯಾದದ್ದು ಕೊಬ್ಬರಿಯ ದೆಸೆಯಿಂದ. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕನನ್ ಚಿಕ್ಕನಾಯಕನಹಳ್ಳಿಯ ತೆಂಗಿನ ಬೇಸಾಯವನ್ನು ವಿವರವಾಗಿ ಬರೆದಿದ್ದಾನೆ. 1880ರ ದಶಕದಲ್ಲಿ ಬೆಂಗಳೂರಿನಿಂದ ತಿಪಟೂರು, ಅರಸೀಕೆರೆಗಳ ಮೇಲೆ ಹರಿಹರದ ಕಡೆಗೆ ರೈಲು ಬಂದ ಮೇಲೆ ಇಲ್ಲಿನ ಸರಕು ದೂರದ ಊರುಗಳಿಗೆ ಹೋಗುವುದು ಸಲೀಸಾಯಿತು, ತಿಪಟೂರು ಕೊಬ್ಬರಿಯ ಪೇಟೆಯಾಗಿ ಬೆಳೆಯಿತು. ಇಲ್ಲಿ ಮುಖ್ಯವಾಗಿ ಮಾಡುವುದು ಉಂಡೆ ಕೊಬ್ಬರಿ. ಬಲಿತ ಕಾಯಿಗಳನ್ನು ಮಟ್ಟೆ ಸಮೇತ ಅಟ್ಟಕ್ಕೆ ಹಾಕಿ ಎಂಟು ತಿಂಗಳಿಂದ ಒಂದು ವರ್ಷದವರೆಗೆ ಬಿಡುತ್ತಾರೆ. ಒಳಗಿನ ನೀರು ಮೆಲ್ಲಗೆ ಇಂಗಿ, ತಿರುಳು ಒಣಗಿ ಚಿಪ್ಪಿನಿಂದ ಬಿಡಿಸಿಕೊಳ್ಳುತ್ತದೆ. ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಉಂಡೆ ಒಳಗೆ ಲೊಟಲೊಟ ಎನ್ನಬೇಕು, ಆಗ ಸುಲಿಯಲು ಬಂತೆಂದು ಅರ್ಥ. ಎಣ್ಣೆ ತೆಗೆಯುವುದಕ್ಕಷ್ಟೇ ಆಗಿದ್ದರೆ ಮಾತು ಬೇರೆ. ಈ ಕೊಬ್ಬರಿ ನೇರವಾಗಿ ಬಾಯಿಗೆ ಹೋಗುವ ಪದಾರ್ಥ. ಮದುವೆಯ ಮಡಿಲಿಗೆ, ದೇವರ ತಟ್ಟೆಗೆ, ಹಬ್ಬದ ಕೊಬ್ಬರಿ ಸಕ್ಕರೆಗೆ, ಉತ್ತರದ ಊರುಗಳ ಒಣಹಣ್ಣಿನ ಅಂಗಡಿಗೆ ಹೋಗುವಂಥದ್ದು. ತೇವ ತಾಗಿದರೆ ಬೂಷ್ಟು ಹಿಡಿಯುತ್ತದೆ, ಎಣ್ಣೆಯಂಶ ಹೆಚ್ಚಿರುವುದರಿಂದ ಹತ್ತಿರದ ವಾಸನೆಯನ್ನೂ ಬೇಗ ಹೀರುತ್ತದೆ.

ಅಟ್ಟ ಎತ್ತರದಲ್ಲಿರುವುದು ಗಾಳಿ ಆಡಲಿ, ನೆಲದ ತೇವ ತಾಗದಿರಲಿ ಎಂದು. ಅದರ ಜೊತೆಗೇ ಕಾಯಿ ನಾಯಿಯ ಕಾಲಿಗೂ ಎಟುಕದು. ಅಪಾಯವಿದ್ದದ್ದು ಸುಲಿಯುವ ದಿನಗಳಲ್ಲಿ. ಅಟ್ಟದಿಂದ ಇಳಿಸಿದ ಕಾಯಿ ಅಂಗಳದಲ್ಲಿ ರಾಶಿ ಬೀಳುತ್ತದೆ. ಮಟ್ಟೆ ಸುಲಿದು, ಚಿಪ್ಪು ಒಡೆದು, ಉಂಡೆಗೆ ಪೆಟ್ಟು ತಾಗದಂತೆ ಹೊರತೆಗೆದು, ಚೀಲದ ಮೇಲೆ ಹರವಿ ಒಂದೆರಡು ಬಿಸಿಲು ಕಾಣಿಸುತ್ತಾರೆ. ಒಂದು ಕಡೆ ಮಟ್ಟೆಯ ಗುಡ್ಡೆ, ಇನ್ನೊಂದು ಕಡೆ ಕೊಬ್ಬರಿ. ಗಂಡುನಾಯಿ ತನ್ನ ಗುರುತು ಬಿಡಲು ಹುಡುಕುವುದು ನೆಟ್ಟಗೆ ನಿಂತ ವಸ್ತುವನ್ನು, ಅದರಲ್ಲೂ ಅಂದು ಹೊಸದಾಗಿ ಬಂದು ಕೂತದ್ದನ್ನು. ನಿಲ್ಲಿಸಿದ ಕೊಬ್ಬರಿ ಚೀಲ ಅದಕ್ಕೆ ಹೇಳಿಮಾಡಿಸಿದ ಗುರಿ. ಆ ಕೆಲಸ ನಡೆಯುವಷ್ಟು ದಿನ ಮನೆಯ ನಾಯಿಯನ್ನು ತೋಟದ ಶೆಡ್ಡಿನ ಹತ್ತಿರ ಕಟ್ಟಿಹಾಕುವುದು, ಹುಡುಗರ ಕೈಗೆ ಒಂದು ಕೋಲು ಕೊಟ್ಟು ಕಾವಲು ಕೂರಿಸುವುದು ಇಂದಿಗೂ ಇರುವ ಪದ್ಧತಿ.

ಇದೇ ಎಚ್ಚರ ರಾಗಿಯ ಕಣದಲ್ಲೂ ಇತ್ತು. ನೆಲ ಹದಮಾಡಿ, ನೀರು ಹೊಡೆದು, ಸಗಣಿಯ ಬಗ್ಗಡ ಬಳಿದು, ನಡುವೆ ಮೇಟಿ ನೆಟ್ಟು, ಪೂಜೆ ಮಾಡಿದ ಮೇಲೆ ಕಣದಲ್ಲಿ ಚಪ್ಪಲಿ ಮೆಟ್ಟಿ ಓಡಾಡುತ್ತಿರಲಿಲ್ಲ. ಬಯಲಿನ ನಡುವೆ ಒಂಟಿಯಾಗಿ ನಿಂತ ಮೇಟಿಕಂಬ ಗಂಡುನಾಯಿಗೆ ಎಷ್ಟು ಆಕರ್ಷಣೆಯೋ ರೈತನಿಗೆ ಅಷ್ಟೇ ಪೂಜ್ಯ. ಆದ್ದರಿಂದ ನಾಯಿ ಕಣದ ಅಂಚಿನವರೆಗೆ ಮಾತ್ರ ಬರಬೇಕಿತ್ತು. ರಾತ್ರಿ ರಾಶಿ ಕಾಯಲು ಮಲಗುವವರ ಜೊತೆ ಹುಲ್ಲಿನ ಮೆದೆಯ ಮಗ್ಗುಲಲ್ಲಿ ಅದಕ್ಕೂ ಜಾಗವಿತ್ತು, ಬಗ್ಗಡ ಬಳಿದ ವೃತ್ತದೊಳಗೆ ಇರಲಿಲ್ಲ.

ಕಾಲಮಾನವೂ ಈ ಪಾಠಕ್ಕೆ ಕೂಡಿಬಂತು. ಈ ಸೀಮೆಯ ನಾಯಿಗಳು ಹೆಚ್ಚಾಗಿ ಬೆದೆಗೆ ಬರುವುದು ಮಳೆಗಾಲದ ಕೊನೆಯಿಂದ ಕಾರ್ತಿಕದವರೆಗೆ. ಗರ್ಭದ ಅವಧಿ ಸುಮಾರು 63 ದಿನ. ಹಾಗಾಗಿ ಎಷ್ಟೋ ಮರಿಗಳು ಕಣ್ಣು ಬಿಡುವುದು ರಾಗಿ ಕೊಯ್ದು ಮೆದೆ ಹಾಕುವ, ಕಣ ಮಾಡುವ ಚಳಿಗಾಲದಲ್ಲಿ. ಮನೆಮಂದಿಯೆಲ್ಲ ಹೊರಗೇ ದುಡಿಯುವ, ರಾತ್ರಿಯೂ ಯಾರಾದರೊಬ್ಬರು ಬಯಲಲ್ಲೇ ಮಲಗುವ ಆ ತಿಂಗಳುಗಳಲ್ಲಿ ಮರಿ ಬೆಳೆಯುತ್ತಿತ್ತು. ಎಲ್ಲಿ ಹೋಗಬಹುದು, ಎಲ್ಲಿ ಹೋಗಬಾರದು ಎಂಬ ಗೆರೆಯನ್ನು ದಿನಕ್ಕೆ ಹತ್ತು ಸಲ ತೋರಿಸುವವರು ಎದುರಿಗೇ ಇದ್ದರು. ಬೇರೆ ತರಬೇತಿ ಬೇಕಾಗಲಿಲ್ಲ.

ಬೇಕಾಗದಿರಲು ನಾಯಿಯ ಹುಟ್ಟುಗುಣವೂ ಕಾರಣ. ಮೊದಲ ಎರಡು ಮೂರು ವಾರ ಮರಿ ತಾನಾಗಿ ಉಚ್ಚೆ ಹೊಯ್ಯಲಾರದು. ತಾಯಿ ಹೊಟ್ಟೆಯ ಕೆಳಭಾಗವನ್ನು ನೆಕ್ಕಿದಾಗಲೇ ಹೊಯ್ಯುತ್ತದೆ, ಅದನ್ನು ತಾಯಿಯೇ ನೆಕ್ಕಿ ಗೂಡನ್ನು ಶುಚಿಯಾಗಿಡುತ್ತಾಳೆ. ಕಾಲು ಬಲಿತ ಕೂಡಲೇ ಮರಿ ತೆವಳಿಕೊಂಡಾದರೂ ಮಲಗುವ ಜಾಗದಿಂದ ಆಚೆ ಹೋಗಿ ಹೊಯ್ಯಲು ತೊಡಗುತ್ತದೆ. ಏಳರಿಂದ ಒಂಬತ್ತು ವಾರಗಳ ಹೊತ್ತಿಗೆ ಕಾಲ ಕೆಳಗಿನ ನೆಲದ ಸ್ಪರ್ಶ ಅದಕ್ಕೆ ರೂಢಿಯಾಗುತ್ತದೆ, ಮಣ್ಣಿನ ಮೇಲೆ ಬೆಳೆದದ್ದು ಮಣ್ಣನ್ನು ಹುಡುಕುತ್ತದೆ, ಸಿಮೆಂಟಿನ ಮೇಲೆ ಬೆಳೆದದ್ದು ಸಿಮೆಂಟನ್ನು. ಅಮೆರಿಕದ ಬಾರ್ ಹಾರ್ಬರಿನ ಪ್ರಯೋಗಾಲಯದಲ್ಲಿ ವರ್ಷಗಟ್ಟಲೆ ಮರಿಗಳನ್ನು ಗಮನಿಸಿದ ಸ್ಕಾಟ್ ಮತ್ತು ಫುಲ್ಲರ್ 1965ರಲ್ಲಿ ಪ್ರಕಟಿಸಿದ ಪುಸ್ತಕ, ಮೂರನೆಯ ವಾರದಿಂದ ಹನ್ನೆರಡನೆಯ ವಾರದವರೆಗಿನ ಅನುಭವ ಮರಿಯ ಮುಂದಿನ ನಡವಳಿಕೆಯನ್ನು ಬಹುಮಟ್ಟಿಗೆ ರೂಪಿಸುತ್ತದೆಂದು ತೋರಿಸಿತು. ತೆಂಗಿನ ತೋಟದ ಮರಿ ಈ ವಾರಗಳನ್ನೆಲ್ಲ ಮಣ್ಣು, ಗರಿ, ಮಟ್ಟೆಗಳ ನಡುವೆಯೇ ಕಳೆಯುತ್ತಿತ್ತು. ದೊಡ್ಡದಾದ ಮೇಲೆ ಗುರುತು ಬಿಡಲು ಸಾಲುಸಾಲು ಮರಗಳಿದ್ದವು. ಬೆಳೆದ ತೆಂಗಿಗೆ ನಾಯಿಯ ಉಚ್ಚೆಯಿಂದ ಕೇಡಿಲ್ಲ. ಅದರಲ್ಲಿನ ಯೂರಿಯಾ ಸುಡುವುದು ಎಳೆಯ ಹುಲ್ಲನ್ನು, ಕುಂಡದ ಗಿಡವನ್ನು, ಪದೇಪದೇ ಒಂದೇ ಕಡೆ ಬಿದ್ದರೆ ಸಸಿಯನ್ನು. ಅಂಗಳದ ತುಳಸಿಯನ್ನು ಆಳೆತ್ತರದ ಕಟ್ಟೆಯ ಮೇಲೆ ನೆಟ್ಟಿದ್ದರಿಂದ ಅದೂ ಉಳಿಯಿತು.

ನಾಯಿಯನ್ನು ಮನೆಯೊಳಗೇ ಇಟ್ಟುಕೊಂಡು ಹೊತ್ತುಹೊತ್ತಿಗೆ ಹೊರಗೆ ಕರೆದೊಯ್ಯುವ ಕ್ರಮ ಮೈಸೂರು ಸೀಮೆಗೆ ಬಂದದ್ದು ಬ್ರಿಟಿಷರ ಬಂಗಲೆಗಳ ಮೂಲಕ. 1809ರಲ್ಲಿ ಬೆಂಗಳೂರು ದಂಡು ಪ್ರದೇಶ ನೆಲೆಯಾದ ಮೇಲೆ ಅಲ್ಲಿನ ಅಧಿಕಾರಿಗಳ ಮನೆಗಳಲ್ಲಿ ಸ್ಪೇನಿಯಲ್, ಟೆರಿಯರ್ ಜಾತಿಯ ನಾಯಿಗಳು ಕಂಬಳಿಯ ಮೇಲೆ ಮಲಗತೊಡಗಿದವು. ಆದರೆ ಅವುಗಳಿಗೆ ಶಿಸ್ತು ಕಲಿಸಿದ್ದು ಹೆಚ್ಚಿನ ಮಟ್ಟಿಗೆ ಸಾಹೇಬರಲ್ಲ, ಸಂಬಳಕ್ಕಿದ್ದ ಆಳುಗಳು. ಅಡುಗೆಯವ, ಕುದುರೆಯವ ಇದ್ದ ಹಾಗೆ ನಾಯಿ ನೋಡಿಕೊಳ್ಳುವುದಕ್ಕೇ ಒಬ್ಬ ಹುಡುಗ. ಬೆಳಗಾಗೆದ್ದು ಹೊರಗೆ ಕರೆದೊಯ್ಯುವುದು, ಮೀಯಿಸುವುದು, ಒಳಗೆ ಗಲೀಜಾದರೆ ಬಳಿಯುವುದು ಅವನ ಪಾಲು. ಆ ಹುಡುಗರು ಕಂಡು ಕಲಿತದ್ದನ್ನು ಯಾರೂ ಬರೆದಿಡಲಿಲ್ಲ. ಸಾಹೇಬರ ಮನೆಯ ಈ ತಿಳಿವಳಿಕೆ ಆಳುಗಳ ಕೈಯಲ್ಲೇ ಉಳಿಯಿತು, ಹಳ್ಳಿಯ ಮನೆಗೆ ದಾಟಲಿಲ್ಲ. ಇದು ನಿಜಕ್ಕೂ ದೊಡ್ಡ ನಷ್ಟ. ಏಕೆಂದರೆ ಮುಂದೆ ನಮ್ಮ ಊರುಗಳಿಗೆ ದಾಟಿದ್ದು ಆ ತಿಳಿವಳಿಕೆಯಲ್ಲ, ಅದರ ಅತಿ ಕೆಟ್ಟ ತುಣುಕು: ಒಳಗೆ ಹೊಯ್ದ ಮರಿಯ ಮೂತಿಯನ್ನು ಅದರಲ್ಲೇ ಉಜ್ಜಿ ನಾಲ್ಕು ಬಾರಿಸುವುದು.

ಇಪ್ಪತ್ತನೆಯ ಶತಮಾನದ ಬಹುಭಾಗ ಪಶ್ಚಿಮದ ಮನೆಗಳಲ್ಲೂ ಇದು ಸಾಮಾನ್ಯವಾಗಿತ್ತು. ಜರ್ಮನಿಯ ಕೊನ್ರಾಡ್ ಮೋಸ್ಟ್ 1910ರಲ್ಲಿ ಬರೆದ ನಾಯಿ ತರಬೇತಿಯ ಪುಸ್ತಕ ಪೊಲೀಸ್ ಮತ್ತು ಸೈನ್ಯದ ನಾಯಿಗಳಿಗೆ ದಶಕಗಳ ಕಾಲ ಮಾದರಿಯಾಯಿತು, ಅದರಲ್ಲಿ ಬಲವಂತಕ್ಕೆ ದೊಡ್ಡ ಪಾಲಿತ್ತು. ಆದರೆ ಉಚ್ಚೆಯ ವಿಷಯದಲ್ಲಿ ಹೊಡೆತ ಸ್ವಲ್ಪವೂ ಕೆಲಸ ಮಾಡುವುದಿಲ್ಲ. ಒಂದು ಗಳಿಗೆಯ ಹಿಂದೆ ಹೊಯ್ದದ್ದಕ್ಕೂ ಈಗ ಬಿದ್ದ ಏಟಿಗೂ ಮರಿ ಸಂಬಂಧ ಕಟ್ಟಲಾರದು. ಅದು ಕಲಿಯುವುದು ಇಷ್ಟೇ: ಮನುಷ್ಯರ ಎದುರು ಹೊಯ್ಯುವುದು ಅಪಾಯ. ಹಾಗೆ ಕಲಿತ ನಾಯಿ ಮಂಚದಡಿ, ಬೀರುವಿನ ಹಿಂದೆ, ಯಾರೂ ಕಾಣದ ಕಡೆ ಹೊಯ್ಯುತ್ತದೆ. ತೋಟಕ್ಕೆ ಕರೆದೊಯ್ದರೂ ಹಗ್ಗ ಹಿಡಿದವರ ಎದುರು ಬಿಗಿಹಿಡಿದುಕೊಂಡು ನಿಂತು, ಮನೆಗೆ ಬಂದ ಮೇಲೆ ಮೂಲೆ ಹುಡುಕುತ್ತದೆ. ‘ಎಷ್ಟು ಹೊಡೆದರೂ ಬುದ್ಧಿ ಬರಲಿಲ್ಲ’ ಎಂದು ಬೈಸಿಕೊಳ್ಳುವ ನಾಯಿಗಳು ಹೆಚ್ಚಾಗಿ ಈ ಬಗೆಯವು. ಹಿಂದಿನವರ ಹೊಸಿಲಿನ ಪಾಠದಲ್ಲೂ ಗದರಿಕೆ ಇತ್ತು, ಆದರೆ ಅದು ಕಾಲು ಒಳಗಿಡುವ ಕ್ಷಣದಲ್ಲೇ ಬೀಳುತ್ತಿತ್ತು, ಹೋಗಬಹುದಾದ ಜಾಗ ಕಣ್ಣೆದುರಿಗೇ ಇರುತ್ತಿತ್ತು.

ತೆಂಗಿನ ಸೀಮೆಯ ಮನೆ ಬದಲಾದದ್ದು ಒಂದೇ ಏಟಿಗಲ್ಲ. ಮಣ್ಣಿನ ನೆಲದ ಜಾಗಕ್ಕೆ ಮೊದಲು ಗಾರೆ, ಆಮೇಲೆ ರೆಡ್ ಆಕ್ಸೈಡ್, ಕಡಪ ಕಲ್ಲು, ಮೊಸಾಯಿಕ್, ಕೊನೆಗೆ ಟೈಲ್ಸ್ ಬಂದವು. ಹೆಂಚು ಇಳಿದು ಆರ್‌ಸಿಸಿ ಏರಿತು. ದನ ಕಡಿಮೆಯಾಗಿ ಕೊಟ್ಟಿಗೆ ಮನೆಯಿಂದ ಬೇರೆಯಾಯಿತು ಅಥವಾ ಇಲ್ಲವಾಯಿತು. ಕೊಬ್ಬರಿಯ ಅಟ್ಟ ತೋಟದ ಶೆಡ್ಡಿಗೆ ಹೋಯಿತು. ರಾಗಿಯ ಕಣ ಟಾರು ರಸ್ತೆಗೆ, ಅಲ್ಲಿಂದ ಒಕ್ಕಣೆ ಯಂತ್ರಕ್ಕೆ ಸಾಗಿತು. ಪಟ್ಟಣದ ಹೊಸ ಬಡಾವಣೆಗಳಲ್ಲಿ ಸೈಟಿನ ಅಂಚಿನವರೆಗೂ ಕಟ್ಟಿ, ಉಳಿದ ಮೂರಡಿಗೂ ಸಿಮೆಂಟ್ ಹಾಕಿ, ಸುತ್ತ ಕಾಂಪೌಂಡ್ ಎಬ್ಬಿಸಿದರು. ಹಿತ್ತಿಲು ಹೋಯಿತು. ಮಹಡಿಯ ಬಾಡಿಗೆ ಮನೆಯಲ್ಲಂತೂ ನಾಯಿಗೆ ಮಣ್ಣು ಸಿಗಬೇಕಾದರೆ ಇಪ್ಪತ್ತು ಮೆಟ್ಟಿಲು ಇಳಿದು ಗೇಟು ದಾಟಬೇಕು. ಟೈಲ್ಸ್ ನೆಲವನ್ನು ಒರೆಸುವುದು ಸುಲಭ, ಆದ್ದರಿಂದ ನಾಯಿಯನ್ನು ಒಳಗೆ ಬಿಟ್ಟುಕೊಳ್ಳುವ ಧೈರ್ಯ ಬಂತು. ಒಳಗೆ ಬಿಟ್ಟುಕೊಂಡ ಮೇಲೆಯೇ ಕಲಿಸುವ ಗೋಳು ಶುರುವಾಯಿತು.

ನಾಯಿಯೂ ಬೇರೆಯಾಯಿತು. ಮೊದಲಿಗೆ ಬೆಳ್ಳಗೆ ತುಪ್ಪಳವಿದ್ದ ಪಾಮೇರಿಯನ್ ನೌಕರಿಯವರ, ಮಂಡಿ ವರ್ತಕರ ಮನೆಗಳಿಗೆ ಬಂತು. 2003ರಲ್ಲಿ ಹಚ್ ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ ಹುಡುಗನ ಹಿಂದೆ ಹಿಂದೆ ನಡೆದ ಪಗ್ ಮರಿಯನ್ನು ದೇಶವೆಲ್ಲ ಟಿವಿಯಲ್ಲಿ ನೋಡಿ ಆ ಜಾತಿಗೆ ಬೇಡಿಕೆ ಏರಿತು. ಆಮೇಲೆ ಲ್ಯಾಬ್ರಡಾರ್, 2022ರ ‘777 ಚಾರ್ಲಿ’ ಚಿತ್ರದ ನಾಯಿಯೂ ಅದೇ ಜಾತಿ. ಈ ಮರಿಗಳು ತೋಟದಲ್ಲಿ ಹುಟ್ಟಿದವಲ್ಲ. ಬೆಂಗಳೂರಿನಂಥ ಕಡೆ ಸಾಕಣೆದಾರರ ಬೋನಿನಲ್ಲಿ, ಸಿಮೆಂಟ್ ನೆಲದ ಮೇಲೆ, ಹಳೆಯ ಪೇಪರಿನ ಮೇಲೆ ಹುಟ್ಟಿ, ನೆಲದ ರೂಢಿ ಕೂರುವ ಆ ಏಳು ಒಂಬತ್ತು ವಾರಗಳನ್ನು ಅಲ್ಲೇ ಕಳೆದು ಬಂದವು. ಬೋನಿನ ಮರಿಗೆ ಮಲಗಿದ ಕಡೆಯೇ ಹೊಯ್ಯುವುದು ಅನಿವಾರ್ಯ, ಹಾಗಾಗಿ ತಾಯಿ ಕಲಿಸಿದ ಶುಚಿತ್ವವೂ ಮಾಸಿಹೋಗಿರುತ್ತದೆ. ಅಂಥ ಮರಿಯನ್ನು ತಿಪಟೂರಿಗೆ ತಂದು ನುಣುಪು ಟೈಲ್ಸ್ ಮೇಲೆ ಬಿಟ್ಟರೆ ಅದು ಅಲ್ಲೇ ಹೊಯ್ಯುತ್ತದೆ. ಅದಕ್ಕೆ ಗೊತ್ತಿರುವ ಶೌಚದ ಜಾಗ ಅದೇ.

ಹಳ್ಳಿಯ ಕಡೆ ನಾಯಿಯನ್ನು ಒಳಗೆ ಸೇರಿಸಿದ್ದರಲ್ಲಿ ಚಿರತೆಗೂ ಪಾಲಿದೆ. ಕಲ್ಲುಗುಡ್ಡ, ಕುರುಚಲು ಕಾಡು, ತೋಟಗಳು ಒಂದಕ್ಕೊಂದು ಅಂಟಿಕೊಂಡಿರುವ ಈ ಜಿಲ್ಲೆಯಲ್ಲಿ ಚಿರತೆಗೆ ಸುಲಭದ ಆಹಾರ ನಾಯಿ. ಜಗಲಿಯ ಕಂಬಕ್ಕೆ ಸರಪಳಿ ಬಿಗಿದ ನಾಯಿಯಂತೂ ತಪ್ಪಿಸಿಕೊಳ್ಳಲಾರದು. 2019ರ ಕೊನೆಯಿಂದ 2020ರ ಆರಂಭದವರೆಗೆ ತುಮಕೂರು ಜಿಲ್ಲೆಯಲ್ಲಿ ಚಿರತೆ ದಾಳಿಗೆ ಮನುಷ್ಯರೂ ಬಲಿಯಾದ ಮೇಲೆ ಭಯ ಇನ್ನೂ ಹೆಚ್ಚಿತು. ಕತ್ತಲಾದ ಮೇಲೆ ನಾಯಿಯನ್ನು ಪಡಸಾಲೆಗೋ ಶೆಡ್ಡಿಗೋ ಕೂಡಿ ಬಾಗಿಲು ಹಾಕಿದರೆ, ಬೆಳಗಿನವರೆಗೆ ಅದು ಉಚ್ಚೆ ತಡೆದುಕೊಳ್ಳಬೇಕು. ರಾತ್ರಿಯೆಲ್ಲ ಬಯಲಲ್ಲಿ ತಿರುಗಿ ಅಭ್ಯಾಸವಾದ ದೊಡ್ಡ ನಾಯಿಗೆ ಇದು ಮರಿಗಿಂತ ಕಷ್ಟದ ಪಾಠ. ಮಲಗುವ ಮುನ್ನ ಮನೆಯವರೊಬ್ಬರು ಟಾರ್ಚ್ ಹಿಡಿದು ಅಂಗಳಕ್ಕೆ ಕರೆದೊಯ್ದು, ಹೊಯ್ದ ಮೇಲೆ ಒಳಗೆ ಕರೆತರುವ ಕೆಲಸ ಹೀಗೆ ಹುಟ್ಟಿತು.

ಮನೆಯ ನಾಯಿ ಒಳಗೆ ಸೇರಿದ ಹೊತ್ತಿಗೆ ಬೀದಿಯ ನಾಯಿ ಗೇಟಿನ ಮುಂದೆ ನಿಂತಿತ್ತು. ಬೀದಿಯಲ್ಲಿ ಮರ ಕಡಿಮೆಯಾದಂತೆ ಕಾಂಪೌಂಡಿನ ಮೂಲೆ, ಲೈಟ್ ಕಂಬ, ನಿಲ್ಲಿಸಿದ ಬೈಕಿನ ಚಕ್ರಗಳೇ ಅದರ ಗುರುತಿನ ಕಲ್ಲುಗಳಾದವು. ರಂಗೋಲಿ ಹಾಕಿದ ಬಾಗಿಲಲ್ಲಿ ನಾಯಿ ಕಾಲೆತ್ತುವುದನ್ನು ತಪ್ಪಿಸಲು ಕರ್ನಾಟಕದ ಊರೂರುಗಳಲ್ಲಿ ಹಬ್ಬಿದ ಉಪಾಯವೆಂದರೆ ಪ್ಲಾಸ್ಟಿಕ್ ಬಾಟಲಿಯಲ್ಲಿ ಬಣ್ಣದ ನೀರು ತುಂಬಿ ಗೇಟಿಗೆ ಕಟ್ಟುವುದು ಅಥವಾ ಗೋಡೆಯ ಬುಡದಲ್ಲಿ ಇಡುವುದು. ಬಟ್ಟೆಗೆ ಹಾಕುವ ನೀಲಿ ಕದಡಿದ ನೀರು ಕೆಲವು ಕಡೆ, ಕುಂಕುಮದ ಕೆಂಪು ನೀರು ಕೆಲವು ಕಡೆ. ಜಪಾನಿನಲ್ಲಿ ಬೆಕ್ಕುಗಳನ್ನು ದೂರವಿಡಲು ಇದೇ ರೀತಿ ನೀರು ತುಂಬಿದ ಬಾಟಲಿಗಳನ್ನು ಮನೆಗಳ ಮುಂದೆ ಸಾಲಾಗಿ ಇಡುವ ರೂಢಿಯಿದೆ. ನಾಯಿಯ ಕಣ್ಣಿಗೆ ನೀಲಿ ಮತ್ತು ಹಳದಿ ಬೇರೆಬೇರೆಯಾಗಿ ಕಾಣುತ್ತವೆ, ಕೆಂಪು ಮಂಕಾಗಿ ಕಾಣುತ್ತದೆ ಎಂದು 1989ರಲ್ಲಿ ಅಮೆರಿಕದ ವಿಜ್ಞಾನಿಗಳು ಪರೀಕ್ಷೆಗಳಿಂದ ಸ್ಥಿರಪಡಿಸಿದರು. ಆದರೆ ನೀಲಿ ಕಂಡರೆ ನಾಯಿ ಹೆದರುತ್ತದೆ ಎನ್ನಲು ಆಧಾರವಿಲ್ಲ. ನಾಯಿ ಜಾಗವನ್ನು ಆರಿಸುವುದು ಮೂಗಿನಿಂದ. ಬಾಟಲಿ ಹೊಸದಾಗಿ ಬಂದಾಗ ಒಂದೆರಡು ದಿನ ಅನುಮಾನಿಸಿ, ಮೂಸಿ ನೋಡಿ, ಮತ್ತೆ ಅಲ್ಲಿಯೇ ಕಾಲೆತ್ತುತ್ತದೆ. ಹಿಂದಿನ ವಾಸನೆ ಉಳಿಯದಂತೆ ಗೋಡೆಯ ಬುಡವನ್ನು ತೊಳೆಯುವುದರಿಂದ ಆಗುವಷ್ಟು ಪ್ರಯೋಜನ ಬಾಟಲಿಯಿಂದ ಆಗದು.

ಒಳಗಿನ ನಾಯಿಗೆ ಕಲಿಸುವ ಕ್ರಮ ಈಗ ಪಶುವೈದ್ಯರ, ತರಬೇತುದಾರರ ಬಾಯಲ್ಲಿ ಬಹುಮಟ್ಟಿಗೆ ಒಂದೇ ಆಗಿದೆ. ಅದರ ತಿರುಳು ಹೊತ್ತು. ಮರಿ ಹೊಯ್ಯುವ ಸಮಯಗಳು ಮೊದಲೇ ಗೊತ್ತಿರುತ್ತವೆ: ನಿದ್ದೆಯಿಂದ ಎದ್ದ ಕೂಡಲೇ, ಉಂಡ ಸ್ವಲ್ಪ ಹೊತ್ತಿಗೆ, ಆಟ ಮುಗಿದ ಮೇಲೆ, ರಾತ್ರಿ ಮಲಗುವ ಮುನ್ನ. ಈ ನಾಲ್ಕೂ ಹೊತ್ತಿನಲ್ಲಿ ಎತ್ತಿಕೊಂಡು ಹೋಗಿ ಒಂದೇ ಜಾಗದಲ್ಲಿ ಇಳಿಸಬೇಕು. ಎರಡು ತಿಂಗಳ ಮರಿ ಹಗಲಿನಲ್ಲಿ ಸುಮಾರು ಮೂರು ಗಂಟೆ ತಡೆಯಬಲ್ಲದು, ವಯಸ್ಸಿನ ತಿಂಗಳಿಗೆ ಒಂದು ಕೂಡಿಸಿದರೆ ಗಂಟೆಯ ಅಂದಾಜು ಸಿಗುತ್ತದೆ. ಮೂತ್ರಕೋಶದ ಹಿಡಿತ ಪೂರ್ತಿ ಬಲಿಯಲು ನಾಲ್ಕರಿಂದ ಆರು ತಿಂಗಳಾದರೂ ಬೇಕು. ಹೊಯ್ಯುವಾಗ ಒಂದೇ ಮಾತನ್ನು ಮೆಲ್ಲಗೆ ಹೇಳಬೇಕು, ಈ ಕಡೆಯ ಮನೆಗಳಲ್ಲಿ ‘ಆಚೆ’ ಎಂದರೆ ಸಾಕಾಗುತ್ತದೆ. ಮುಗಿಸಿದ ಆ ಕ್ಷಣದಲ್ಲೇ ಒಂದು ಚೂರು ತಿಂಡಿ ಅಥವಾ ಬೆನ್ನು ಸವರಿ ಒಂದು ಮೆಚ್ಚುಗೆ. ಮನೆಗೆ ಬಂದ ಮೇಲೆ ಕೊಟ್ಟರೆ ಮರಿ ಅದನ್ನು ಮನೆಗೆ ಬಂದದ್ದಕ್ಕೆ ಸಿಕ್ಕ ಬಹುಮಾನವೆಂದು ತಿಳಿಯುತ್ತದೆ.

ಒಳಗೆ ತಪ್ಪಿ ಹೊಯ್ದರೆ ಬೈಯದೆ ಒರೆಸಿ, ವಾಸನೆ ಉಳಿಯದಂತೆ ತೊಳೆಯುವುದು ಮುಂದಿನ ಕೆಲಸ. ಟೈಲ್ಸ್ ಮೇಲೆ ನೀರು ನಿಲ್ಲದಿದ್ದರೂ ಅವುಗಳ ನಡುವಿನ ಸಂದಿ ಹೀರಿಕೊಳ್ಳುತ್ತದೆ. ಫಿನಾಯಿಲ್ ಮನುಷ್ಯನ ಮೂಗಿಗೆ ಉಚ್ಚೆಯ ವಾಸನೆಯನ್ನು ಮುಚ್ಚುತ್ತದೆ, ನಾಯಿಯ ಮೂಗಿಗೆ ಮುಚ್ಚುವುದಿಲ್ಲ. ಅಮೋನಿಯಾ ಇರುವ ಶುಚಿಕಾರಕಗಳಂತೂ ಇಲ್ಲಿಯೇ ಹೊಯ್ಯಬಹುದೆಂದು ಕರೆದಂತೆ, ಏಕೆಂದರೆ ಉಚ್ಚೆಯ ಯೂರಿಯಾ ಕೊಳೆತು ಬಿಡುವುದೂ ಅಮೋನಿಯಾವನ್ನೇ. ಕಿಣ್ವಗಳಿರುವ ದ್ರಾವಣಗಳು ಆ ವಾಸನೆಯ ಮೂಲವನ್ನೇ ಒಡೆಯುತ್ತವೆ.

ಮಹಡಿ ಮನೆಯವರಿಗೆ ಪ್ರತಿ ಸಲ ಕೆಳಗಿಳಿಯಲು ಆಗದಿದ್ದಾಗ ತಾರಸಿಯಲ್ಲೋ ಬಾಲ್ಕನಿಯಲ್ಲೋ ಒಂದು ತಟ್ಟೆ ಇಡುವುದುಂಟು. ಅದಕ್ಕೆ ಬೇಕಾದ ಅತ್ಯುತ್ತಮ ವಸ್ತು ಈ ಸೀಮೆಯಲ್ಲೇ ಗುಡ್ಡೆ ಬಿದ್ದಿದೆ. ನಾರಿನ ಕಾರ್ಖಾನೆಗಳಲ್ಲಿ ಮಟ್ಟೆಯಿಂದ ನಾರು ಬಿಡಿಸಿದ ಮೇಲೆ ಉಳಿಯುವ ನಾರಿನ ಪುಡಿ ತನ್ನ ತೂಕದ ಎಂಟು ಪಟ್ಟಿನವರೆಗೂ ನೀರು ಹಿಡಿಯಬಲ್ಲದು. ಅದನ್ನು ನಾಲ್ಕು ಬೆರಳು ದಪ್ಪ ಹರವಿದರೆ ಉಚ್ಚೆ ಇಂಗುತ್ತದೆ, ಕಾಲಿಗೆ ಮಣ್ಣಿನಂತೆ ಮೆತ್ತಗೆ ತಾಗುತ್ತದೆ, ಮುಂದೆ ತೋಟದ ಮಣ್ಣಿಗೆ ಹೊಂದಿಕೊಳ್ಳುವುದೂ ಸುಲಭ. ಹಾಸಿದ ಪೇಪರಿಗೆ ಈ ಗುಣವಿಲ್ಲ. ಪೇಪರಿನ ಮೇಲೆ ಕಲಿತ ಮರಿ ನೆಲದ ಮೇಲೆ ಬಿದ್ದ ದಿನಪತ್ರಿಕೆಯನ್ನೆಲ್ಲ ತನ್ನದೆಂದು ತಿಳಿಯುತ್ತದೆ.

ಎಲ್ಲಿ, ಯಾವಾಗ ಎಂಬ ಪ್ರಶ್ನೆ ಈಗ ಮನೆಯಿಂದ ಬೀದಿಗೂ ದಾಟಿದೆ. ಬೀದಿ ನಾಯಿಯ ಬಗ್ಗೆ ಸರ್ಕಾರದ ಕಾಳಜಿ ಬಹುಕಾಲ ಹುಚ್ಚುನಾಯಿ ರೋಗಕ್ಕೆ ಸೀಮಿತವಾಗಿತ್ತು. 1907ರಲ್ಲಿ ಕೂನೂರಿನಲ್ಲಿ ಸ್ಥಾಪನೆಯಾದ ಪಾಶ್ಚರ್ ಸಂಸ್ಥೆ ದಕ್ಷಿಣ ಭಾರತದಲ್ಲಿ ಆ ರೋಗದ ಚಿಕಿತ್ಸೆಯ ಕೇಂದ್ರವಾಗಿತ್ತು. ಹೊಕ್ಕುಳ ಸುತ್ತ ಚುಚ್ಚುತ್ತಿದ್ದ ಹಳೆಯ ಲಸಿಕೆಯನ್ನು ಭಾರತ 2004ರ ಕೊನೆಯಲ್ಲಿ ಕೈಬಿಟ್ಟಿತು. ನಾಯಿಗಳನ್ನು ಕೊಲ್ಲುವ ಬದಲು ಹಿಡಿದು, ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿ, ಲಸಿಕೆ ಹಾಕಿ ಬಿಡಬೇಕೆಂಬ ನಿಯಮ 2001ರಲ್ಲಿ ಬಂತು, 2023ರಲ್ಲಿ ಹೊಸದಾಯಿತು. 2023ರ ನಿಯಮ ಬೀದಿ ನಾಯಿಗೆ ಅನ್ನ ಹಾಕುವ ಜಾಗವನ್ನೂ ಹೊತ್ತನ್ನೂ ನಿಗದಿಮಾಡಬೇಕೆನ್ನುತ್ತದೆ: ಮಕ್ಕಳು ಆಡುವ ಕಡೆ, ಮೆಟ್ಟಿಲ ಹತ್ತಿರ, ಕಟ್ಟಡದ ಬಾಗಿಲಲ್ಲಿ ಹಾಕಬಾರದು. 2025ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟ್ ಕೂಡ ಇದಕ್ಕಾಗಿ ಗೊತ್ತುಪಡಿಸಿದ ಜಾಗಗಳಿರಬೇಕೆಂದು ಆದೇಶಿಸಿತು. ಉಚ್ಚೆಯ ಮಾತು ಇವುಗಳಲ್ಲಿ ಇಲ್ಲದಿದ್ದರೂ ಪರಿಣಾಮ ಅದಕ್ಕೂ ತಟ್ಟುತ್ತದೆ. ನಾಯಿ ಉಣ್ಣುವ ಕಡೆಗೆ ದಿನವೂ ಬರುತ್ತದೆ, ಬರುವ ದಾರಿಯಲ್ಲಿ, ಸುತ್ತಲ ಕಂಬ, ಗೋಡೆಗಳಲ್ಲಿ ಗುರುತು ಬಿಡುತ್ತದೆ. ಶಸ್ತ್ರಚಿಕಿತ್ಸೆಯಿಂದ ಈ ಗುರುತಿನ ಚಟವೂ ತಗ್ಗುತ್ತದೆ. 1976ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಬೀಜ ತೆಗೆಸಿದ ಗಂಡುನಾಯಿಗಳ ಪೈಕಿ ಸುಮಾರು ಅರ್ಧದಷ್ಟು ಮನೆಯೊಳಗೆ ಗುರುತು ಬಿಡುವುದನ್ನು ಕಡಿಮೆ ಮಾಡಿದ್ದವು.

ಆರೋಗ್ಯದ ಮಾತೂ ಇಲ್ಲಿ ಸೇರುತ್ತದೆ. ಇಲಿಜ್ವರದ ರೋಗಾಣು ಇಲಿಗಳ ಮೂತ್ರದಿಂದ ಹರಡುವಂತೆ ಸೋಂಕಿದ ನಾಯಿಗಳ ಮೂತ್ರದಿಂದಲೂ ಹರಡುತ್ತದೆ. ನಿಂತ ನೀರು, ಒದ್ದೆ ಮಣ್ಣು ಅದಕ್ಕೆ ಅನುಕೂಲ, ಬಿಸಿಲು ಮತ್ತು ಒಣಗಾಳಿ ಅದರ ಶತ್ರು. ಮಳೆಗಾಲದಲ್ಲಿ ತೆಂಗಿನ ಪಾತಿಯ ಕೆಸರಿನಲ್ಲಿ ಬರಿಗಾಲಲ್ಲಿ ಕೆಲಸ ಮಾಡುವವರಿಗೆ, ಕಾಲಲ್ಲಿ ಗಾಯವಿದ್ದರಂತೂ, ಈ ಅಪಾಯ ಹೆಚ್ಚು. ನಾಯಿಗೆ ವರ್ಷವರ್ಷ ಹಾಕಿಸುವ ಸಂಯುಕ್ತ ಲಸಿಕೆಗಳಲ್ಲಿ ಇದರ ರಕ್ಷಣೆಯೂ ಸೇರಿರುತ್ತದೆ. ನಾಯಿಗೆ ಗೊತ್ತುಮಾಡುವ ಜಾಗ ಬಾವಿ, ತೊಟ್ಟಿ, ಕುಡಿಯುವ ನೀರಿನ ನಲ್ಲಿಗಳಿಂದ ದೂರದಲ್ಲಿ, ಬಿಸಿಲು ಬೀಳುವ ಕಡೆ ಇರಬೇಕು. ಚೆನ್ನಾಗಿ ಕಲಿತ ದೊಡ್ಡ ನಾಯಿ ಇದ್ದಕ್ಕಿದ್ದಂತೆ ಒಳಗೆ ಹೊಯ್ಯತೊಡಗಿದರೆ ಅದು ಕಲಿತದ್ದನ್ನು ಮರೆತಿದೆ ಎಂದು ತಿಳಿಯಬಾರದು. ಮೂತ್ರಕೋಶದ ಸೋಂಕು, ಕಲ್ಲು, ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ, ಮುಪ್ಪಿನಲ್ಲಿ ಸ್ನಾಯುಗಳ ಸಡಿಲ, ಇವುಗಳಲ್ಲಿ ಒಂದಿರಬಹುದು. ಹಾಗಾದಾಗ ನಾಯಿಯನ್ನು ಪಶುವೈದ್ಯರಿಗೆ ತೋರಿಸಿ, ಸಾಧ್ಯವಾದರೆ ಬೆಳಗಿನ ಮೊದಲ ಉಚ್ಚೆಯನ್ನು ಶುಚಿಯಾದ ಶೀಶೆಯಲ್ಲಿ ಹಿಡಿದು ಪರೀಕ್ಷೆಗೆ ಕೊಡಬೇಕು.